ದನ ಪೈಪಿನ ಓಣಿಗೆ ಹೆಜ್ಜೆಯೇ ಇಡುವುದಿಲ್ಲ, ಎಂತ ಮಾಡುವುದು ಮಾರಾಯ್ರೆ?

ಹಟ್ಟಿಮನೆ_ಕಾರ್ಕಳ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ಕಾರ್ಕಳದಿಂದ ಹೆಬ್ರಿಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. 22 ದನ ಉಂಟು. 14 ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ, 5 ಜರ್ಸಿ, ಉಳಿದ 3 ಅಪ್ಪನ ಕಾಲದ ಮಲೆನಾಡು ಗಿಡ್ಡ, ನಮ್ಮ ಊರಿನದೇ ಸಣ್ಣ ತಳಿ. ಮೊದಲೆಲ್ಲ ಕಟ್ಟಿಯೇ ಸಾಕುತ್ತಿದ್ದೆವು. ಎರಡು ವರ್ಷದಿಂದ ಹಟ್ಟಿಯ ಒಳಗೆ ಬಿಟ್ಟು ಸಾಕುತ್ತಿದ್ದೇವೆ. ದನಕ್ಕೆ ಆರಾಮ, ನಮಗೂ ಆರಾಮ. ಆದರೆ ಡಾಕ್ಟ್ರು ಬಂದ ದಿನ ಮಾತ್ರ ಒಂದೊಂದನ್ನು ಹಿಡಿಯಲಿಕ್ಕೆ ಹಟ್ಟಿಯೆಲ್ಲ ಓಡಬೇಕು.

ಅದಕ್ಕೆ ಈ ಸಲ ಖರ್ಚಾದರೆ ಆಗಲಿ ಎಂದು ಹಟ್ಟಿಯ ಪಕ್ಕದಲ್ಲಿ ಜಿಐ ಪೈಪಿನ ಓಣಿ ಮಾಡಿಸಿದೆ. 24 ಅಡಿ ಉದ್ದ, ಮೂರೂವರೆ ಅಡಿ ಅಗಲ, ನೇರ. ಕೊನೆಯಲ್ಲಿ ಟ್ರೆವಿಸ್ (ದನವನ್ನು ಅಲ್ಲಾಡದ ಹಾಗೆ ನಿಲ್ಲಿಸುವ ಚೌಕಟ್ಟು), ಅದರ ಮೇಲೆ ಮಳೆಗೆ ತಗಡಿನ ಶೀಟು. ಟ್ರೆವಿಸಿನ ಎದುರಿಗೆ ಕೆಂಪುಕಲ್ಲಿನ ಕಾಂಪೌಂಡು. ನೋಡಲಿಕ್ಕೆ ಚಂದ ಉಂಟು, ಬಂದವರೆಲ್ಲ ಹೊಗಳಿದರು. ದನಗಳಿಗೆ ಮಾತ್ರ ಇಷ್ಟ ಆಗಲಿಲ್ಲ.

ಹೋದ ವಾರ ಕಾಲುಬಾಯಿ ಜ್ವರದ ಲಸಿಕೆಗೆ ಬೆಳಿಗ್ಗೆ ಎಂಟೂವರೆಗೆ ಬಂದರು. ಮೊದಲನೆಯದು ಓಣಿಯ ಬಾಯಿಯಲ್ಲೇ ಕಾಲು ಊರಿ ನಿಂತಿತು. ಹಿಂದಿನಿಂದ ದೂಡಿದೆವು, ನಾಲ್ಕು ಹೆಜ್ಜೆ ಹೋಗಿ ಮತ್ತೆ ಹಿಂದೆ ಬಂತು. ಎರಡು ದನ ಓಣಿಯ ಒಳಗೇ ತಿರುಗಿ ನಮ್ಮ ಮುಖ ನೋಡಿದವು. ನೆರೆಮನೆಯವರೂ ಬಂದರು, ಎಲ್ಲರೂ ಬೊಬ್ಬೆ ಹಾಕಿದ್ದೇ ಬಂತು. ಒಂದು ಜರ್ಸಿ ಜಾರಿ ಬಿದ್ದು ಮೊಣಕಾಲಿನ ಚರ್ಮ ಹೋಯಿತು. ನಮ್ಮ ಆಳಿನ ಬೆರಳು ಪೈಪಿಗೂ ದನಕ್ಕೂ ನಡುವೆ ಸಿಕ್ಕಿತು, ಪುಣ್ಯಕ್ಕೆ ಮುರಿಯಲಿಲ್ಲ. ಕೊನೆಗೆ ಅರ್ಧಕ್ಕೂ ಜಾಸ್ತಿ ದನಕ್ಕೆ ಹಳೇ ಕಾಲದ ಹಾಗೆ ಕಂಬಕ್ಕೆ ಕಟ್ಟಿಯೇ ಸೂಜಿ ಹಾಕಿದ್ದು. ಮುಗಿಯುವಾಗ ಮಧ್ಯಾಹ್ನ ಹನ್ನೆರಡೂವರೆ. ಸಂಜೆ ಸೊಸೈಟಿಗೆ 42 ಲೀಟರ್ ಹೋಗುವಲ್ಲಿ 27 ಹೋಯಿತು.

ವೆಲ್ಡಿಂಗಿನವರು ಹೇಳುತ್ತಾರೆ, ಪೈಪು ಇನ್ನೂ ದಪ್ಪದ್ದು ಹಾಕುವ, ಹಿಂದಿನಿಂದ ಒತ್ತುವ ಹಾಗೆ ಗೇಟು ಇಡುವ ಎಂದು. ನೆರೆಮನೆಯವರು ಕರೆಂಟ್ ಕೋಲು ತರಿಸಿ ಎಂದರು. ನನಗೆ ಎರಡೂ ಮನಸ್ಸಿಲ್ಲ. ಓಣಿ ತೆಗೆದು ಗುಜರಿಗೆ ಹಾಕುವುದಾ, ಸರಿ ಮಾಡಲಿಕ್ಕೆ ಆಗುತ್ತದಾ?

—

ಅಡಿಕೆ_ಮತ್ತು_ಹಾಲು ಬರೆದದ್ದು:

ಬಾಲ ತಿರುಚಿ ಸ್ವಾಮಿ, ಹೋಗದೆ ಎಲ್ಲಿಗೆ ಹೋಗುತ್ತದೆ. ನಮ್ಮ ಅಜ್ಜ ಹಾಗೇ ಮಾಡಿದ್ದು, ಅಪ್ಪನೂ ಹಾಗೇ, ನಾನೂ ಹಾಗೇ. 22 ದನಕ್ಕೆ ಓಣಿ, ಟ್ರೆವಿಸು ಎಲ್ಲ ಸುಮ್ನೆ ಶೋಕಿ.

—

ನಿವೃತ್ತ_ಗೋಡಾಕ್ಟ್ರು ಬರೆದದ್ದು:

ಗುಜರಿಗೆ ಹಾಕಬೇಡಿ. ಕರೆಂಟ್ ಕೋಲೂ ಬೇಡ.

ಮೊದಲು ಹಾಲಿನ ವಿಷಯ ಹೇಳುತ್ತೇನೆ, ನಿಮಗೆ ಅದೇ ಜಾಸ್ತಿ ಉರಿದಿರುತ್ತದೆ. ಇಳಿದ 15 ಲೀಟರೂ ಹೆದರಿಕೆಯ ಲೆಕ್ಕಕ್ಕೆ ಬರುವುದಿಲ್ಲ. ಈ ಲಸಿಕೆ ಹಾಕಿದ ಮೇಲೆ ಕೆಲವು ದನಗಳಿಗೆ ಮೈ ಬಿಸಿಯಾಗಿ ಒಂದೆರಡು ದಿನ ಹಾಲು ಕಮ್ಮಿ ಆಗುವುದು ಉಂಟು, ತಾನಾಗಿ ಸರಿಯಾಗುತ್ತದೆ, ಅದಕ್ಕೆ ಹೆದರಿ ಲಸಿಕೆ ತಪ್ಪಿಸಬೇಡಿ. ಆದರೆ ಗಾಬರಿಯದ್ದೂ ಒಂದು ಪಾಲು ಉಂಟು. ದನ ಹೆದರಿದಾಗ ಮೈಯಲ್ಲಿ ಅಡ್ರಿನಾಲಿನ್ ಏರುತ್ತದೆ. ಸೊರೆ ಬಿಡಿಸುವ, ಅಂದರೆ ಹಾಲು ಇಳಿಸುವ ಆಕ್ಸಿಟೋಸಿನ್ ಎನ್ನುವ ಹಾರ್ಮೋನು ಇದೆಯಲ್ಲ, ಅದನ್ನು ಇದು ಕೆಲಸ ಮಾಡಲಿಕ್ಕೆ ಬಿಡುವುದಿಲ್ಲ. ಕೆಚ್ಚಲು ತುಂಬ ಹಾಲಿದ್ದರೂ ಕೈಗೆ ಬರುವುದಿಲ್ಲ. ಬೆಳಿಗ್ಗೆ ಬೊಬ್ಬೆ ಹಾಕಿ ಅಟ್ಟಿದ ಅದೇ ಜನ ಸಂಜೆ ಕರೆಯುವಾಗಲೂ ಎದುರಿಗೆ ಇದ್ದರೆ ಕೇಳುವುದೇ ಬೇಡ.

ಈಗ ಓಣಿಯ ವಿಷಯ. ದನದ ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುವುದು. ಸುತ್ತಲೂ ಸುಮಾರು 330 ಡಿಗ್ರಿ ಕಾಣುತ್ತದೆ, ನೇರ ಹಿಂದೆ ಮಾತ್ರ ಕಾಣುವುದಿಲ್ಲ. ನೀವು ಎಲ್ಲರೂ ನಿಂತು ದೂಡಿದ್ದು ಸರಿಯಾಗಿ ಅದೇ ಜಾಗದಲ್ಲಿ. ಹಿಂದೆ ಏನೋ ಉಂಟು, ಏನೆಂದು ಕಾಣುವುದಿಲ್ಲ, ಆಗ ಅದು ತಿರುಗಿ ನೋಡುತ್ತದೆ. ನಿಮ್ಮ ಓಣಿ ತಿರುಗುವಷ್ಟು ಅಗಲವೂ ಉಂಟು.

ಇನ್ನೊಂದು, ಎರಡು ಕಣ್ಣೂ ಸೇರಿ ನೋಡುವ ಜಾಗ ಅದಕ್ಕೆ ಮುಂದುಗಡೆ ಸ್ವಲ್ಪವೇ ಇರುವುದು. ಹಾಗಾಗಿ ನೆಲದಲ್ಲಿ ಕಪ್ಪು ಗೆರೆ ಕಂಡರೆ ಅದು ನೆರಳಾ, ಹೊಂಡವಾ ಎಂದು ನಡೆಯುತ್ತಾ ಗೊತ್ತಾಗುವುದಿಲ್ಲ. ನಿಲ್ಲಬೇಕು, ತಲೆ ತಗ್ಗಿಸಬೇಕು, ಮೂಸಬೇಕು. ಆಗ ನಾವು ಹಿಂದಿನಿಂದ ಕೋಲಲ್ಲಿ ಹೊಡೆಯುತ್ತೇವೆ. ಅದರ ಲೆಕ್ಕದಲ್ಲಿ ಆ ಗೆರೆಯೇ ಹೊಡೆದ ಹಾಗೆ. ನಾಳೆಯಿಂದ ಅಂಥ ಗೆರೆ ಎಲ್ಲಿ ಕಂಡರೂ ಅದು ಹೆಜ್ಜೆ ಇಡುವುದಿಲ್ಲ.

ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಅವರ ಹೆಸರು ಕೇಳಿರಬಹುದು. 1947ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದವರು, ಕೊಲೊರಾಡೊ ಸ್ಟೇಟ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್. ಆಟಿಸಂ ಇರುವವರು, ಮಾತಿನಲ್ಲಿ ಅಲ್ಲ ಚಿತ್ರದಲ್ಲಿ ಯೋಚನೆ ಮಾಡುತ್ತೇನೆ ಎನ್ನುತ್ತಾರೆ. 1970ರ ದಶಕದಲ್ಲಿ ಅರಿಜೋನಾದ ದೊಡ್ಡಿಗಳಲ್ಲಿ ದನ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ತಾನೇ ಇಳಿದು ಹೋಗಿ, ದನದ ಕಣ್ಣಿನ ಎತ್ತರದಿಂದ ಎಂತ ಕಾಣುತ್ತದೆ ಎಂದು ನೋಡಿದರು. ದನಗಾಹಿಗಳಿಗೆ ಇದು ಹುಚ್ಚಿನ ಹಾಗೆ ಕಂಡಿತು. ನೋಡಿದರೆ ಅಲ್ಲಿ ಇರುತ್ತಿದ್ದದ್ದು ತೂಗುವ ಸರಪಳಿ, ಬೇಲಿಗೆ ಹಾಕಿದ ಅಂಗಿ, ನೀರಿನ ಹೊಳಪು, ಇಂಥದ್ದೇ.

ನೀವೂ ಹಾಗೇ ಮಾಡಿ. ಬೆಳಿಗ್ಗೆ ಎಂಟೂವರೆಗೇ ಹೋಗಿ, ಬಿಸಿಲು ಅದೇ ಕೋನದಲ್ಲಿ ಇರಬೇಕು. ಬಗ್ಗಿ, ನಿಮ್ಮ ಕಣ್ಣು ದನದ ಕಣ್ಣಿನ ಎತ್ತರಕ್ಕೆ ಬರಲಿ, ಹಟ್ಟಿಯಿಂದ ಟ್ರೆವಿಸಿನವರೆಗೆ ನಿಧಾನ ನಡೆಯಿರಿ. ಕಂಡದ್ದನ್ನೆಲ್ಲ ಇಲ್ಲಿ ಬರೆಯಿರಿ.

@ಅಡಿಕೆ_ಮತ್ತು_ಹಾಲು, ಬಾಲದ ಮೂಳೆ ತಿರುಚಿ ಮುರಿದ ದನಗಳನ್ನು ಸರ್ವಿಸಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಅಜ್ಜನ ಕಾಲದ ದನ ಎಷ್ಟು ಲೀಟರ್ ಕೊಡುತ್ತಿತ್ತು?

—

ಗಂಟಿ_ಕುಂದಾಪುರ ಬರೆದದ್ದು:

ಡಾಕ್ಟ್ರು ಹೇಳಿದ್ದು ಸರಿ. ನಾನು ಎಲ್ಲಿ ನಿಲ್ಲಬೇಕು ಎನ್ನುವುದನ್ನು ಮಾತ್ರ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆ ಗಂಟಿ ಎಬ್ಬುವವರು (ದನ ಅಟ್ಟುವವರು) ಇದನ್ನು ಯಾರಿಂದಲೂ ಕಲಿಯದೇ ಮಾಡುತ್ತಾರೆ, ಕೇಳಿದರೆ ವಿವರಿಸಲಿಕ್ಕೆ ಬರುವುದಿಲ್ಲ.

ದನದ ಸುತ್ತ ಒಂದು ಜಾಗ ಉಂಟು, ಅದರೊಳಗೆ ನೀವು ಕಾಲಿಟ್ಟರೆ ಅದು ಸರಿಯುತ್ತದೆ, ಹೊರಗೆ ಬಂದರೆ ನಿಲ್ಲುತ್ತದೆ. ದಿನಾ ಕರೆಯುವ ಜರ್ಸಿಗೆ ಆ ಜಾಗ ಒಂದು ಕೈಯಷ್ಟು, ಕೆಲವಕ್ಕೆ ಇಲ್ಲವೇ ಇಲ್ಲ, ಮೈ ಮುಟ್ಟಿದರೂ ಅಲ್ಲಾಡುವುದಿಲ್ಲ. ಗುಡ್ಡೆಗೆ ಮೇಯಲಿಕ್ಕೆ ಹೋಗುವ ಗಿಡ್ಡಕ್ಕೆ ಎರಡು ಮಾರು, ಮೂರು ಮಾರು. ನಿಮ್ಮ 19 ದನಕ್ಕೂ ಆ 3 ಗಿಡ್ಡಕ್ಕೂ ಒಂದೇ ಲೆಕ್ಕ ಆಗುವುದಿಲ್ಲ.

ಎರಡನೆಯದು ಹೆಗಲು. ಹೆಗಲಿನ ಹಿಂದೆ ನಿಂತರೆ ದನ ಮುಂದೆ ಹೋಗುತ್ತದೆ. ಹೆಗಲಿನ ಮುಂದೆ ನಿಂತರೆ ಹಿಂದೆ ಬರುತ್ತದೆ. ನಿಮ್ಮಲ್ಲಿ ಖಂಡಿತ ಯಾರೋ ಒಬ್ಬರು ತಲೆಯ ಹತ್ತಿರ ನಿಂತು ‘ಬಾ ಬಾ’ ಎನ್ನುತ್ತಿದ್ದರು, ಇನ್ನೊಬ್ಬರು ಹಿಂದಿನಿಂದ ‘ಹೋಗು’ ಎನ್ನುತ್ತಿದ್ದರು. ದನ ಯಾರ ಮಾತು ಕೇಳುವುದು?

ಒಂದು ಉಪಾಯ ಹೇಳುತ್ತೇನೆ, ನಂಬಲಿಕ್ಕೆ ಕಷ್ಟ, ಮಾಡಿ ನೋಡಿ. ದನ ಓಣಿಯಲ್ಲಿ ನಿಂತುಬಿಟ್ಟರೆ ಓಣಿಯ ಹೊರಗಿನಿಂದ, ಅದು ಹೋಗಬೇಕಾದ ದಿಕ್ಕಿಗೆ ಉಲ್ಟಾ ನಡೆಯಿರಿ. ಅಂದರೆ ತಲೆಯ ಕಡೆಯಿಂದ ಬಾಲದ ಕಡೆಗೆ, ಅದರ ಮೈಗೆ ಹತ್ತಿರದಲ್ಲಿ, ಬೇಗ ಬೇಗ. ನೀವು ಹೆಗಲು ದಾಟಿದ ತಕ್ಷಣ ಅದು ಮುಂದಕ್ಕೆ ಹೊರಡುತ್ತದೆ. ಕೋಲು ಬೇಡ, ಬಾಯಿಯೂ ಬೇಡ. ಮತ್ತೆ ಮುಂದೆ ಹೋಗುವಾಗ ಓಣಿಯಿಂದ ದೂರ ಸುತ್ತಿ ಹೋಗಿ, ಹತ್ತಿರದಿಂದ ಹೋದರೆ ಹೊರಟದ್ದು ನಿಲ್ಲುತ್ತದೆ.

ಮತ್ತೆ ಬೊಬ್ಬೆ. ಮನುಷ್ಯರ ಕಿವಿಗೆ 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳುವುದು, ದನಕ್ಕೆ ಸುಮಾರು 35ರವರೆಗೂ ಕೇಳುತ್ತದೆ. ನಿಮ್ಮ ಗೇಟಿನ ಕಿಂಯ್ ಎನ್ನುವ ಸದ್ದು ನಿಮಗೆ ಕಿರಿಕಿರಿ, ಅದಕ್ಕೆ ಇನ್ನೂ ಎಷ್ಟೋ ಜಾಸ್ತಿ.

—

ಕರೆಬದಿ_ಮೂಡುಬಿದಿರೆ ಬರೆದದ್ದು:

ನನ್ನದು ದನ ಅಲ್ಲ, ಕೋಣ. ಆದರೂ ಒಂದು ಮಾತು.

ಕಂಬಳದ ದಿನ ಮೈಕು, ವಾದ್ಯ, ರಾತ್ರಿ ಹಗಲಿನ ಹಾಗೆ ಲೈಟು, ಎರಡೂ ಬದಿ ಜನ. ಅದರ ನಡುವೆ ಕೋಣ ಸೀದಾ ಕರೆಗೆ, ಅಂದರೆ ಓಡುವ ಕೆಸರಿನ ಕಣಕ್ಕೆ, ಇಳಿಯುತ್ತದೆ. ಯಾಕೆ? ಅಭ್ಯಾಸ. ಸಣ್ಣ ಕೋಣವನ್ನು ಮೊದಲ ದಿನವೇ ಓಡಿಸುವುದಿಲ್ಲ. ಹಳೆ ಕೋಣದ ಜೊತೆ ಕರೆದುಕೊಂಡು ಹೋಗಿ ಸುಮ್ನೆ ಬದಿಯಲ್ಲಿ ಕಟ್ಟುತ್ತೇವೆ, ನೋಡಲಿ ಎಂದು. ಆಮೇಲೆ ಕುದಿ (ಅಭ್ಯಾಸದ ಓಟ), ಅದೂ ಖಾಲಿ ಕರೆಯಲ್ಲಿ. ನೋಡಿಕೊಳ್ಳುವವರು ಬದಲಾಗುವುದಿಲ್ಲ. ಜೊತೆ ತಪ್ಪಿಸಿ ಒಂದನ್ನೇ ಎಳೆದರೆ ನಮ್ಮ ಕೋಣವೂ ಬರುವುದಿಲ್ಲ.

ಕಂಬಳದಲ್ಲಿ ಬೆತ್ತ ಇಲ್ಲವಾ ಎಂದು ಕೇಳಬೇಡಿ, ಅದರ ಕಥೆ ದೊಡ್ಡದು. 2014ರ ಜಲ್ಲಿಕಟ್ಟು ತೀರ್ಪಿನ ಬಿಸಿ ನಮಗೂ ತಟ್ಟಿ, 2017ರಲ್ಲಿ ಕಾನೂನು ತಿದ್ದಿ, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಸರಿ ಎಂದ ಮೇಲೆ ಉಸಿರು ಬಂದದ್ದು. ನಾನು ಹೇಳುವುದು ಇಷ್ಟೇ, ನಿಮ್ಮ ದನಗಳು ಆ ಓಣಿಯನ್ನು ಮೊದಲು ನೋಡಿದ್ದು ಯಾವಾಗ? ಲಸಿಕೆಯ ದಿನವೇ ಅಲ್ವಾ?

—

ಹಟ್ಟಿಮನೆ_ಕಾರ್ಕಳ ಬರೆದದ್ದು:

ಹೌದು, ಲಸಿಕೆಯ ದಿನವೇ. ಪೇಂಟು ಹಾಳಾಗುತ್ತದೆ ಎಂದು ಅಲ್ಲಿಯವರೆಗೆ ಗೇಟು ಹಾಕಿಯೇ ಇಟ್ಟಿದ್ದೆ. ನಾಚಿಕೆ ಆಗುತ್ತದೆ.

ಡಾಕ್ಟ್ರೇ, ಮೊನ್ನೆ ಬೆಳಿಗ್ಗೆ ಎಂಟೂವರೆಗೆ ಬಗ್ಗಿ ನಡೆದೆ. ಹೆಂಡತಿ ಅಡುಗೆಮನೆ ಕಿಟಕಿಯಿಂದ ನೋಡಿ ಎಂತ ಬಿದ್ದುಹೋಯಿತು, ಮೊಬೈಲಾ ಎಂದು ಕೇಳಿದಳು.

ಓಣಿಯ ಬಾಯಿಯಲ್ಲಿ ಗಂಜಳ ಹೋಗುವ ಕಣಿ ಉಂಟು, ಮೇಲೆ ಕಬ್ಬಿಣದ ಜಾಲರಿ. ನಿಂತು ನೋಡಿದರೆ ಅದೊಂದು ಜಾಲರಿ ಅಷ್ಟೇ. ಬಗ್ಗಿ ನೋಡಿದರೆ ಕಪ್ಪು ಬಾವಿ ಬಾಯಿ ಕಳೆದ ಹಾಗೆ ಉಂಟು. ಎಲ್ಲ ದನವೂ ಮೊದಲು ನಿಂತದ್ದು ಅಲ್ಲೇ. ಅದನ್ನು ದಾಟಿದರೆ ಪೈಪುಗಳ ನೆರಳು. ಪೂರ್ವದ ಬಿಸಿಲು ಪಕ್ಕದಿಂದ ಬಂದು ನೆಲದ ತುಂಬ ಏಣಿ ಮಲಗಿಸಿದ ಹಾಗೆ ಗೆರೆ. ಬಲಬದಿಯಲ್ಲಿ ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು, ಅದರ ತುದಿ ಹರಿದು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತದೆ, ಬಿಸಿಲಿಗೆ ಮಿಂಚುತ್ತದೆ ಬೇರೆ. ಟ್ರೆವಿಸಿನ ಹತ್ತಿರ ಶೀಟಿನಿಂದಾಗಿ ಕತ್ತಲು, ಎದುರಿಗೆ ಕಲ್ಲಿನ ಗೋಡೆ. ದನದ ಎತ್ತರದಿಂದ ನೋಡಿದರೆ ದಾರಿ ಅಲ್ಲಿಗೆ ಮುಗಿಯಿತು, ಆಚೆ ಎಲ್ಲಿಗೂ ಇಲ್ಲ.

ಇಷ್ಟೆಲ್ಲ ಆದ ಮೇಲೆ ತಲೆ ಎತ್ತಿದರೆ ಮುಖ್ಯ ಆಸಾಮಿ ಕಂಡ. ಹೊಸ ಕಟ್ಟಡಕ್ಕೆ ದೃಷ್ಟಿ ತಾಗಬಾರದು ಎಂದು ಅಮ್ಮ ಟ್ರೆವಿಸಿನ ಎದುರಿಗೇ ದೃಷ್ಟಿಬೊಂಬೆ ತೂಗಿಸಿದ್ದಾರೆ. ಕೋರೆಹಲ್ಲು, ಹೊರಗೆ ಚಾಚಿದ ನಾಲಿಗೆ, ಕೂದಲು. ಗಾಳಿಗೆ ಆ ಕಡೆ ಈ ಕಡೆ ತಿರುಗುತ್ತಾ ಬಂದವರನ್ನು ನೋಡುತ್ತದೆ. ನಾನೇ ಒಂದು ಹೆಜ್ಜೆ ಹಿಂದೆ ಬಂದೆ.

ಬೊಂಬೆಯನ್ನು ಗೇಟಿನ ಹೊರಗೆ ರಸ್ತೆಯ ಕಡೆಗೆ ಹಾಕಿದೆ. ಅಮ್ಮ ಎರಡು ದಿನದಿಂದ ಸರಿ ಮಾತಾಡುತ್ತಿಲ್ಲ.

—

ನಿವೃತ್ತ_ಗೋಡಾಕ್ಟ್ರು ಬರೆದದ್ದು:

ನಗು ತಡೆಯಲಿಕ್ಕೆ ಆಗಲಿಲ್ಲ. ಸರ್ವಿಸಿನಲ್ಲಿ ಮಿಂಚುವ ಬೈಕ್ ಕನ್ನಡಿ ನೋಡಿದ್ದೇನೆ, ಹಳದಿ ರೇನ್‌ಕೋಟ್ ನೋಡಿದ್ದೇನೆ, ದೃಷ್ಟಿಬೊಂಬೆ ಇದೇ ಮೊದಲು.

ಕತ್ತಲಿನ ವಿಷಯ ಮುಖ್ಯ. ಬಿಸಿಲಿನಿಂದ ಒಮ್ಮೆಲೇ ನೆರಳಿಗೆ ಹೋದರೆ ದನದ ಕಣ್ಣು ಹೊಂದಿಕೊಳ್ಳಲಿಕ್ಕೆ ನಮಗಿಂತ ಜಾಸ್ತಿ ಹೊತ್ತು ಬೇಕು. ಕತ್ತಲಿನಿಂದ ಬೆಳಕಿಗೆ ಖುಷಿಯಿಂದ ಹೋಗುತ್ತದೆ, ಬೆಳಕು ಕಣ್ಣಿಗೆ ಕುಕ್ಕುವ ಹಾಗೆ ಇರಬಾರದು ಅಷ್ಟೇ. ಶೀಟಿನ ನಡುವೆ ಒಂದೆರಡು ಬಿಳಿ ಫೈಬರ್ ಶೀಟು ಹಾಕಿ, ಬೆಳಕು ಹಾಲಿನ ಹಾಗೆ ಹರಡಿ ಬರುತ್ತದೆ, ನೆರಳೂ ಬೀಳುವುದಿಲ್ಲ.

—

ಪೈಪ್_ವೆಲ್ಡಿಂಗ್_ಬಜ್ಪೆ ಬರೆದದ್ದು:

ನಾನು ಗೇಟು, ಗ್ರಿಲ್ಲು ಮಾಡುವವನು. ನಾಲ್ಕೈದು ಹಟ್ಟಿಗಳಿಗೆ ಇಂಥ ಓಣಿ ಮಾಡಿ, ತಪ್ಪು ಮಾಡಿ, ಬೈಸಿಕೊಂಡು ಕಲಿತದ್ದು ಹೇಳುತ್ತೇನೆ. ನಿಮ್ಮ ವೆಲ್ಡಿಂಗಿನವರ ಮೇಲೆ ಸಿಟ್ಟು ಬೇಡ, ಕಾಂಪೌಂಡು ಗೇಟಿನ ಲೆಕ್ಕದಲ್ಲಿ ಮಾಡಿದ್ದಾರೆ.

ಮೂರೂವರೆ ಅಡಿ ಜಾಸ್ತಿ ಆಯಿತು. ಎಚ್‌ಎಫ್‌ಗೆ 28 ಇಂಚು ಸಾಕು, ತೀರಾ ದೊಡ್ಡ ದನ ಇದ್ದರೆ 30. ಒಂದು ಬದಿಯ ಪೈಪು ಕಿತ್ತು ಒಳಗೆ ಸರಿಸಿ. ಎರಡು ಬದಿಯನ್ನೂ ದನದ ಹೆಗಲಿನ ಎತ್ತರದವರೆಗೆ ಮುಚ್ಚಿ. ನೆರಳಿನ ಏಣಿಯೂ ಹೋಯಿತು, ಅಡಿಕೆ ಗೂಡು ಕಾಣುವುದೂ ಹೋಯಿತು, ಬದಿಯಲ್ಲಿ ನಿಂತ ನೆರೆಮನೆಯವರ ಕಾಲು ಕಾಣುವುದೂ ಹೋಯಿತು. ತಗಡು ಆಗುತ್ತದೆ, ಪ್ಲೈವುಡ್ ಆಗುತ್ತದೆ, ಅಡಿಕೆ ಮರದ ಸಲಾಕೆಯನ್ನು ಒತ್ತೊತ್ತಾಗಿ ಕಟ್ಟಿದರೂ ಆಗುತ್ತದೆ. ಎಲೆಕ್ಷನಿನ ಹಳೆ ಫ್ಲೆಕ್ಸ್ ಮಾತ್ರ ಬೇಡ, ಗಾಳಿಗೆ ಸದ್ದು ಮಾಡುತ್ತದೆ, ಮೇಲಿಂದ ಲೀಡರುಗಳ ಮುಖ ಬೇರೆ.

ಕಂಬಳದವರು ಹೇಳಿದ ಜೊತೆಯ ವಿಷಯ ಓಣಿಗೂ ಹೊಂದುತ್ತದೆ. ಓಣಿಗೆ ಮೊದಲು ಸಣ್ಣ ದೊಡ್ಡಿ ಇರಬೇಕು, ಅದರಲ್ಲಿ ಅರ್ಧದಷ್ಟೇ ದನ ತುಂಬಬೇಕು, ಪೂರ್ತಿ ತುಂಬಿದರೆ ತಿರುಗಿ ನೋಡಲಿಕ್ಕೂ ಜಾಗ ಇರುವುದಿಲ್ಲ. ಐದಾರು ದನ ಒಂದರ ಹಿಂದೆ ಒಂದು ಹೋಗಲಿ. ಮುಂದಿನದರ ಬಾಲ ಕಂಡರೆ ಹಿಂದಿನದು ತಾನೇ ಬರುತ್ತದೆ.

ಗೋಡೆಗೆ ಮುಖ ಮಾಡಿದ ಟ್ರೆವಿಸನ್ನು ತಿರುಗಿಸಿ. ಖರ್ಚು ಅನ್ನಿಸಿದರೆ ಕೊನೆಯ 10 ಅಡಿಯನ್ನು ನಿಧಾನ ಬಳಸಿ ಹಟ್ಟಿಯ ಕಡೆಗೇ ಬಗ್ಗಿಸಿ. ದನಕ್ಕೆ ಬಂದ ಜಾಗಕ್ಕೆ ವಾಪಸು ಹೋಗುವ ಬುದ್ಧಿ ಇರುತ್ತದೆ, ಸುತ್ತಿ ಹಟ್ಟಿಗೇ ಹೋಗುತ್ತಿದ್ದೇನೆ ಅಂದುಕೊಂಡರೆ ಕೆಲಸ ಸಲೀಸು. ಆದರೆ ಬಾಯಿಯಲ್ಲೇ ತಿರುವು ಕೊಡಬೇಡಿ, ಒಳಗೆ ನಿಂತು ನೋಡುವಾಗ ಮುಂದೆ ಎರಡು ದನದಷ್ಟು ಉದ್ದ ದಾರಿ ಕಾಣಬೇಕು. ಒಮ್ಮೆ ನಾನು ಬಾಯಿಯಲ್ಲೇ ಬಗ್ಗಿಸಿದ್ದೆ, ಒಂದೇ ಒಂದು ದನ ಒಳಗೆ ಹೋಗಲಿಲ್ಲ, ಪುನಃ ಕಟ್ ಮಾಡಿದೆ, ಕೂಲಿ ನನ್ನದೇ.

ನೆಲ. ಕಾಂಕ್ರೀಟು ನುಣ್ಣಗೆ ಉಂಟಾ? ಮಳೆಗಾಲದಲ್ಲಿ ಪಾಚಿ ಹಿಡಿದರೆ ಮನುಷ್ಯರೇ ನಿಲ್ಲುವುದಿಲ್ಲ. ಎಂಟೆಂಟು ಇಂಚಿನ ಚೌಕ ಬರುವ ಹಾಗೆ ಒಂದಿಂಚು ಆಳದ ಗೀರು ಹಾಕಿಸಿ. ಈಗ ಗ್ರೈಂಡರಿನಲ್ಲಿ ಅಷ್ಟು ಆಳ ಹೋಗದಿದ್ದರೆ ಹೋದಷ್ಟು ಹೋಗಲಿ, ಟ್ರೆವಿಸಿನ ಅಡಿಗೆ ರಬ್ಬರ್ ಮ್ಯಾಟ್ ಹಾಕಿ. ಜಾರುವ ನೆಲದಲ್ಲಿ ದನದ ಗಾಬರಿ ಬೇರೆ ಎಂತ ಮಾಡಿದರೂ ಇಳಿಯುವುದಿಲ್ಲ. ಗೇಟು ಬಡಿಯುವ ಜಾಗಕ್ಕೆ ಹಳೆ ಟಯರಿನ ತುಂಡು ಕಟ್ಟಿ, ಟಣ್ ಎನ್ನುವ ಸದ್ದು ನಿಲ್ಲುತ್ತದೆ. ಮತ್ತೆ ಪೈಪಿನ ನಡುವೆ ಮನುಷ್ಯ ಅಡ್ಡಕ್ಕೆ ನುಸುಳುವಷ್ಟು ಒಂದು ಸಂದು ಬಿಡಿ. ನಿಮ್ಮ ಆಳಿನ ಬೆರಳು ಈ ಸಲ ಉಳಿಯಿತು, ಯಾವಾಗಲೂ ಹಾಗೆ ಆಗುವುದಿಲ್ಲ.

—

ಅಡಿಕೆ_ಮತ್ತು_ಹಾಲು ಬರೆದದ್ದು:

ಒಟ್ಟಿನಲ್ಲಿ ದನಕ್ಕೆ ಮನೆ ಕಟ್ಟಿಸುವುದಕ್ಕಿಂತ ಜಾಸ್ತಿ ಖರ್ಚು. ಅಡಿಕೆ ರೇಟು ಬಿದ್ದರೆ ಇದೆಲ್ಲ ಯಾರು ಕೊಡುತ್ತಾರೆ? ನಾನು ಬಾಲ ಮುರಿಯುವ ಹಾಗೆ ತಿರುಚುವುದಿಲ್ಲ ಡಾಕ್ಟ್ರೇ, ಸ್ವಲ್ಪ ಎತ್ತಿ ಬಗ್ಗಿಸುವುದು ಅಷ್ಟೇ.

—

ಬ್ರಹ್ಮಾವರದ_ಅಕ್ಕ ಬರೆದದ್ದು:

ನಾನು ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಓಣಿಯ ಅಗಲ, ಪೈಪಿನ ದಪ್ಪ ಎಲ್ಲ ಆಯಿತು. ಒಂದು ಕೇಳಲಾ? ನಿಮ್ಮ ಹಟ್ಟಿಯಲ್ಲಿ ದಿನಾ ದನಗಳಿಗೆ ಹಿಂಡಿ ಹಾಕುವವರು, ಹಾಲು ಕರೆಯುವವರು ಯಾರು? ಲಸಿಕೆಯ ದಿನ ಅಟ್ಟಿದವರು ಯಾರು?

ನಮ್ಮಲ್ಲಿ 9 ದನ. ನಾನೂ ಅತ್ತೆಯೂ ನೋಡಿಕೊಳ್ಳುವುದು. ಡಾಕ್ಟ್ರು ಬರುವ ದಿನ ಮಾತ್ರ ಮನೆಯ ಗಂಡಸರಿಗೆ, ಆಚೆಮನೆಯವರಿಗೆ ಭಾರೀ ಉಮೇದು. ಲುಂಗಿ ಎತ್ತಿ ಕಟ್ಟಿ ಕೋಲು ಹಿಡಿದು ಬರುತ್ತಾರೆ. ದನಗಳು ಅವರ ಮುಖ ನೋಡಿಯೇ ಇವತ್ತು ಏನೋ ಉಂಟು ಎಂದು ತಿಳಿಯುತ್ತವೆ. ಎರಡು ವರ್ಷದ ಹಿಂದೆ ಅತ್ತೆ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟರು, ನಾವಿಬ್ಬರೇ ದನ ಬಿಟ್ಟೆವು. ಅರ್ಧ ಗಂಟೆಯಲ್ಲಿ 9 ದನ ಮುಗಿಯಿತು, ಗಂಡಸರ ಚಾ ಆಗಿರಲಿಲ್ಲ.

ನಮ್ಮದು ಪೈಪು ಅಲ್ಲ, ಹಳೆ ಅಡಿಕೆ ಮರದ್ದು. ನಾವು ಮಾಡಿದ್ದು ಇಷ್ಟೇ. ಒಂದು ತಿಂಗಳು ದಿನಾ ಬೆಳಿಗ್ಗೆ ಹಾಲು ಕರೆದ ಮೇಲೆ ದನಗಳನ್ನು ಓಣಿಯಲ್ಲೇ ಹೊರಗೆ ಬಿಟ್ಟೆವು. ಎರಡು ಕಡೆಯ ಗೇಟೂ ತೆಗೆದೇ ಇರುತ್ತಿತ್ತು. ಆಚೆ ತುದಿಯಲ್ಲಿ ಅಕ್ಕಚ್ಚಿನ ಬಕೆಟು. ಮೊದಲ ಮೂರು ದಿನ ಮೂಸುತ್ತಾ ನಿಂತವು, ನಾನೂ ನಿಂತೆ, ದೂಡಲಿಲ್ಲ. ನಾಲ್ಕನೆಯ ದಿನ ಗೌರಿ ಎನ್ನುವ ಹಳೆ ಜರ್ಸಿ ಮುಂದೆ ಹೋಯಿತು, ಹಿಂದಿನಿಂದ ಎಲ್ಲವೂ ಹೋದವು. ಆಮೇಲೆ ಟ್ರೆವಿಸಿನಲ್ಲಿ ಒಂದು ನಿಮಿಷ ನಿಲ್ಲಿಸಿ ಕುತ್ತಿಗೆ ತುರಿಸಿ ಬಿಡುತ್ತಿದ್ದೆ. ಸೂಜಿ ವರ್ಷಕ್ಕೆ ಎರಡು ಮೂರು ಸಲ, ಅಕ್ಕಚ್ಚು ದಿನಾ. ಲೆಕ್ಕ ಅವಕ್ಕೂ ಬರುತ್ತದೆ.

ಒಮ್ಮೆ ಗಾಬರಿ ಆದರೆ ಮಾತ್ರ ಆ ಹೊತ್ತಿಗೆ ಬಿಟ್ಟುಬಿಡಿ. ಇಪ್ಪತ್ತು ಮೂವತ್ತು ನಿಮಿಷ ಬೇಕು ಅದರ ಎದೆ ಸಮ ಆಗಲಿಕ್ಕೆ. ಡಾಕ್ಟ್ರಿಗೆ ಅರ್ಜೆಂಟ್ ಇದ್ದರೆ ಬೇರೆ ದನ ಮಾಡಲಿ.

@ಅಡಿಕೆ_ಮತ್ತು_ಹಾಲು, ಅಕ್ಕಚ್ಚಿಗೆ ಎಷ್ಟು ಖರ್ಚು ಅಣ್ಣ?

—

ನಿವೃತ್ತ_ಗೋಡಾಕ್ಟ್ರು ಬರೆದದ್ದು:

ಅಕ್ಕ ಹೇಳಿದ್ದರ ಮೇಲೆ ನಾನು ಹೇಳಲಿಕ್ಕೆ ಎಂತ ಇಲ್ಲ. ಒಂದು ಸೇರಿಸುತ್ತೇನೆ. ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ 2019ರಲ್ಲಿ ಶುರುವಾದ ಮೇಲೆ ಕಾಲುಬಾಯಿ ಲಸಿಕೆ ಸುತ್ತು ಸುತ್ತಾಗಿ ಬರುತ್ತಲೇ ಇರುತ್ತದೆ, ಜೊತೆಗೆ 12 ಅಂಕೆಯ ಕಿವಿ ಓಲೆ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಬ್ರುಸೆಲ್ಲಾ (ಕಂದು ರೋಗ) ಲಸಿಕೆ ಬೇರೆ. ಕರು ಮೊದಲ ಸಲ ಓಣಿಗೆ ಬರುವ ದಿನವೇ ಕಿವಿಗೆ ತೂತು ಹಾಕಿ ಓಲೆ ಚುಚ್ಚಬೇಡಿ. ಮೊದಲ ಸಲ ಆದದ್ದು ದನದ ತಲೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕರುಗಳನ್ನು ತಾಯಿಯ ಜೊತೆ ಈಗಲೇ ಓಣಿಯಲ್ಲಿ ನಡೆಸಿ, ಅವಕ್ಕೆ ಓಣಿ ಎಂದರೆ ದಿನದ ದಾರಿ ಆಗಲಿ.

—

ಹಟ್ಟಿಮನೆ_ಕಾರ್ಕಳ ಬರೆದದ್ದು:

ಒಂದೂವರೆ ತಿಂಗಳು ಆಯಿತು. ಮರೆತಿಲ್ಲ, ಮಾಡಿ ನೋಡಿ ಬರೆಯುವ ಎಂದು ಕಾದೆ.

ಅಕ್ಕ, ನೀವು ಕೇಳಿದ ಪ್ರಶ್ನೆಯನ್ನು ಮನೆಯಲ್ಲಿ ಓದಿ ಹೇಳಿದೆ. ಹೆಂಡತಿ ಏನೂ ಹೇಳಲಿಲ್ಲ, ಅಮ್ಮನ ಮುಖ ನೋಡಿ ನಕ್ಕಳು. ಹಾಲು ಕರೆಯುವುದು ಅವರಿಬ್ಬರೇ.

ಕಣಿಯ ಜಾಲರಿ ತೆಗೆದು ಕಾಂಕ್ರೀಟ್ ಹಲಗೆ ಹಾಕಿದೆ, ನೀರು ಅಡಿಯಿಂದ ಹೋಗುತ್ತದೆ. ಓಣಿಯನ್ನು 29 ಇಂಚಿಗೆ ಇಳಿಸಿದೆ. ಬದಿಗೆ ಸಲಾಕೆ, ನಮ್ಮ ತೋಟದಲ್ಲೇ ಗಾಳಿಗೆ ಬಿದ್ದ ಅಡಿಕೆ ಮರ ಇತ್ತು. ಟ್ರೆವಿಸ್ ತಿರುಗಿಸಲಿಕ್ಕೆ ಈಗ ದುಡ್ಡಿಲ್ಲ, ಅದಕ್ಕೆ ಕಾಂಪೌಂಡಿನಲ್ಲೇ ಆರು ಅಡಿ ಕಲ್ಲು ತೆಗೆಸಿ ಗೇಟು ಇಟ್ಟೆ. ಈಗ ಓಣಿಯ ಬಾಯಿಯಿಂದಲೇ ಆಚೆಯ ಹುಲ್ಲಿನ ಗದ್ದೆ ಕಾಣುತ್ತದೆ. ನನ್ನ ಪ್ರಕಾರ ಜಾಸ್ತಿ ಕೆಲಸ ಮಾಡಿದ್ದು ಇದೇ. ಅಡಿಕೆ ಗೂಡಿನ ತುದಿಗೆ ಕಲ್ಲು ಹೇರಿದೆ.

25 ದಿನ ಖಾಲಿ ಓಣಿಯಲ್ಲಿ ಬಿಟ್ಟೆವು. ಅಮ್ಮ ಮುಂದೆ ಬಕೆಟು ಹಿಡಿದು, ನಾನು ಎಲ್ಲೂ ಕಾಣದ ಹಾಗೆ. ಹೋದ ಶನಿವಾರ ಡಾಕ್ಟ್ರು ಗಬ್ಬ ನೋಡಲಿಕ್ಕೆ ಬಂದಿದ್ದರು. ನೋಡಬೇಕಾದದ್ದು 11 ದನ, ಹತ್ತು ಓಣಿಯಲ್ಲಿ ತಾವೇ ಹೋದವು. ಎರಡು ಕಡೆ ನಿಂತುಬಿಟ್ಟವು, ಕುಂದಾಪುರದವರು ಹೇಳಿದ ಹಾಗೆ ಹೊರಗಿನಿಂದ ಉಲ್ಟಾ ನಡೆದೆ. ಮಾರಾಯ್ರೆ, ಬಟನ್ ಒತ್ತಿದ ಹಾಗೆ ಹೊರಟಿತು! ಹಿಂದಿನ ಸಲ ಬಿದ್ದ ಜರ್ಸಿ ಮಾತ್ರ ಈಗಲೂ ಬಾಯಿಯಲ್ಲಿ ನಿಂತು ನೆಲ ಮೂಸುತ್ತದೆ. ನಾವೂ ನಿಲ್ಲುತ್ತೇವೆ. ಎರಡು ಮೂರು ನಿಮಿಷ ಬಿಟ್ಟು ಹೋಗುತ್ತದೆ. ಒಟ್ಟು 40 ನಿಮಿಷ. ಸಂಜೆ 41 ಲೀಟರ್.

ಆ ಹನ್ನೊಂದನೆಯದು ಗಿಡ್ಡ. ಓಣಿಯ ಒಳಗೆ ಚಂದ ಬಂತು, ಬಕೆಟಿನಲ್ಲಿ ಇದ್ದದ್ದೆಲ್ಲ ಕುಡಿಯಿತು, ಡಾಕ್ಟ್ರ ಕೈಗವಸು ಕಂಡದ್ದೇ ನಾಲ್ಕೂವರೆ ಅಡಿ ಪೈಪು ಹಾರಿ ಗದ್ದೆಗೆ ಹೋಯಿತು. ಪೈಪು ಎತ್ತರ ಮಾಡಬೇಕಾ?

—

ಗಂಟಿ_ಕುಂದಾಪುರ ಬರೆದದ್ದು:

ಗಿಡ್ಡಕ್ಕೆ ಆರು ಅಡಿ ಮಾಡಿದರೂ ಹಾರಲಿಕ್ಕೆ ನೋಡುತ್ತದೆ, ಕಾಲು ಸಿಕ್ಕಿದರೆ ಕಷ್ಟ. ಅವು ಮೂರನ್ನು ಓಣಿಯ ಲೆಕ್ಕದಿಂದ ಬಿಡಿ. ಸಂಜೆ ಕಟ್ಟಿ ಅಭ್ಯಾಸ ಉಂಟಲ್ಲ, ಅದೇ ಕಂಬದಲ್ಲಿ ಅಮ್ಮ ಕಟ್ಟಲಿ, ಡಾಕ್ಟ್ರು ಅಲ್ಲಿಗೇ ಹೋಗಲಿ.

—

ಹಟ್ಟಿಮನೆ_ಕಾರ್ಕಳ ಬರೆದದ್ದು:

ಅಮ್ಮನೂ ಅದನ್ನೇ ಹೇಳಿದರು. ದೃಷ್ಟಿಬೊಂಬೆಯನ್ನು ಪುನಃ ಒಳಗೆ ತೂಗಿಸಬಹುದಾ ಎಂದು ಕೇಳುತ್ತಿದ್ದಾರೆ. ಗದ್ದೆಯ ಕಡೆಗೆ ಮುಖ ಮಾಡಿ ಹಾಕುವ ಎಂದಿದ್ದೇನೆ, ಗಿಡ್ಡ ಹಾರಿ ಹೋಗುವ ಬದಿಗೆ.